ಕಡೆಯ ಬೆಂಚಿಗೆ ಹೋದ ಕಂಪೌಂಡರ್

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ನಮ್ಮ ಚರ್ಚಿನ ಸಭೆಯವರಲ್ಲ. ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ, ಸಂತೆಗೆ ಬಂದಿದ್ದ ಒಬ್ಬ ಹಿರಿಯರು ನನ್ನ ಗುರುತು ಹಿಡಿದು ಪಕ್ಕದಲ್ಲಿ ಬಂದು ಕುಳಿತರು. "ನೀವು ಕೂಡ್ಲಿಗ್ಯಾಗ ಪಾದ್ರಿಗಳಾಗಿದ್ರಲ್ಲ? ನಿಮ್ಮ ಕಂಪೌಂಡ್ರು ಹೋದ್ರಂತ್ರಿ. ಸೋಮಾರ ದಿನ," ಎಂದರು. "ನಮ್ಮನಿ ಆಕಳನ್ನ ಮೂರು ಸಲ ಉಳಿಸಿದ್ರು. ಮೂರು ಸಲಾನೂ ಅದೇ ಆಕಳು," ಎಂದು ಸೇರಿಸಿದರು. ಅಷ್ಟರಲ್ಲಿ ಅವರ ಬಸ್ಸು ಬಂತು.

ಕಂಪೌಂಡರ್ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೂ ಅದು ಯಾರದೆಂದು ಹೇಳುವವರು ಆ ಊರಲ್ಲಿ ಕಡಿಮೆ. ದನದ ದವಾಖಾನೆಗೆ ಡಾಕ್ಟರುಗಳು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಇವರು ಮಾತ್ರ ಕೊನೆಯವರೆಗೂ ಅಲ್ಲೇ ಇದ್ದರು. ಹೀಗಾಗಿ ಸುತ್ತಲಿನ ಹಳ್ಳಿಗಳಿಗೆಲ್ಲ ಅವರು 'ಕಂಪೌಂಡ್ರು'. ನಮ್ಮ ಸಭೆಯ ಹಾಜರಿ ಪುಸ್ತಕದಲ್ಲಿ ಕೂಡ ಯಾರೋ ಪೆನ್ಸಿಲಿನಿಂದ ಹಾಗೆಯೇ ಬರೆದಿದ್ದರು.

ನಾನು ಆ ಸಭೆಗೆ ಸಭಾಪಾಲಕನಾಗಿ ಹೋದಾಗ ಅವರಿಗೆ ಐವತ್ತು ದಾಟಿತ್ತು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಬಿಳಿ ಅಂಗಿಯ ಎಡ ತೋಳು ಮೊಣಕೈವರೆಗೆ ಮಡಿಸಿದ್ದರೆ ಬಲ ತೋಳು ಭುಜದವರೆಗೂ ಏರಿರುತ್ತಿತ್ತು. ಆ ಬಲಗೈ ದಿನಕ್ಕೆ ಎರಡು ಸಲವಾದರೂ ಯಾವುದಾದರೂ ಎಮ್ಮೆಯ ಹೊಟ್ಟೆಯೊಳಗೆ ಹೋಗಿ ಬರಬೇಕಿತ್ತು. ಭಾನುವಾರ ಬೆಳಿಗ್ಗೆಯೂ ಒಂದೆರಡು ಕೊಟ್ಟಿಗೆ ಸುತ್ತಿಯೇ ಚರ್ಚಿಗೆ ಬರುವರು. ಎರಡು ಸಲ ಸ್ನಾನ ಮಾಡಿದರೂ ಫಿನಾಯಿಲ್ ವಾಸನೆ ಅವರನ್ನು ಬಿಡುತ್ತಿರಲಿಲ್ಲ. ಮುಂದಿನ ಬೆಂಚು ಸಭೆಯ ಹಿರಿಯರದು. ಇವರೂ ಹಿರಿಯರಲ್ಲಿ ಒಬ್ಬರಾದ್ದರಿಂದ ಅಲ್ಲಿಯೇ ಕೂರಬೇಕು. ಪಕ್ಕದವರು ಮೆಲ್ಲಗೆ ಸರಿದು ಕೂತರೆ ಇವರೇ ಇನ್ನೂ ಒಂದು ಗೇಣು ಸರಿದು ಜಾಗ ಮಾಡಿಕೊಡುವರು. "ತಡ ಆತ್ರಿ ಅಯ್ನೋರ. ದನಕ್ಕ ಐತಾರ ಗೊತ್ತಿಲ್ಲ," ಎಂದು ನನಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಪ್ರಾರ್ಥನೆ ಅವರಿಗೆ ಬರುತ್ತಿರಲಿಲ್ಲ ಎಂದೇ ಎಲ್ಲರ ಅಭಿಪ್ರಾಯ. ನಮ್ಮಲ್ಲಿ ಬುಧವಾರದ ಕೂಟದಲ್ಲಿ ಹಿರಿಯರು ಸರದಿಯಂತೆ ಪ್ರಾರ್ಥಿಸಬೇಕು. ನಿವೃತ್ತ ಡ್ರಿಲ್ ಮಾಸ್ತರರು ಶುರು ಮಾಡಿದರೆ ಆದಾಮನಿಂದ ಹಿಡಿದು ತಹಶೀಲ್ದಾರರವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಅವರ ನಂತರ ಕಂಪೌಂಡರ್ ಸರದಿ. "ಕರ್ತನೇ, ನೀನು ನೋಡಾಕತ್ತೀದಿ. ನಮಗೂ ನೋಡಾಕ ಕಲ್ಸು. ಆಮೆನ್." ಕೆಲವೊಮ್ಮೆ ಎರಡನೆಯ ಮಾತೂ ಇರುತ್ತಿರಲಿಲ್ಲ. ಹುಡುಗರಿಗೆ ಈ ಪ್ರಾರ್ಥನೆ ಎಂದರೆ ಬಹಳ ಇಷ್ಟ.

ಒಂದು ಕ್ರಿಸ್‌ಮಸ್ಸಿಗೆ ಯುವಕರು ಯೇಸು ಹುಟ್ಟಿದ ಗೋದಲಿಯನ್ನು ನಿಜದಂತೆ ಮಾಡಬೇಕೆಂದು ಎದುರು ಮನೆಯ ಶಿವಮ್ಮನವರನ್ನು ಕೇಳಿ ಎಳೆಗರುವೊಂದನ್ನು ತಂದು ಕಟ್ಟಿದ್ದರು. ನಾನು ಬೇಕಾದಷ್ಟು ತಯಾರಿ ಮಾಡಿಕೊಂಡು, ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ದೀನತೆಯ ಬಗ್ಗೆ ಪ್ರಸಂಗ ಮಾಡುತ್ತಿದ್ದೆ. ಕರು ಒಂದು ಸಲ ಕೂಗಿತು. ಮತ್ತೊಂದು ಸಲ ಕೂಗಿತು. ನಾನು ದನಿ ಏರಿಸಿದೆ. ಕಂಪೌಂಡರ್ ಎದ್ದು ಹೋಗಿ, ಹಗ್ಗ ಬಿಚ್ಚಿ, ಕರುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲು ದಾಟಿ ಹೋದರು. ಎದುರು ಮನೆಯ ಹಿತ್ತಲಿನಿಂದ ತಾಯಿ ಆಕಳಿನ ದನಿ ಕೇಳಿಸಿತು, ಆಮೇಲೆ ನಿಂತಿತು. ಅವರು ತಿರುಗಿ ಬಂದು ತಮ್ಮ ಜಾಗದಲ್ಲಿ ಕೂತು, ನನ್ನ ಕಡೆ ನೋಡಿ, ತಪ್ಪು ಮಾಡಿದವರ ಹಾಗೆ ಮೆಲ್ಲಗೆ, "ಹಸ್ದಿತ್ರಿ," ಎಂದರು. ಆ ಪ್ರಸಂಗದ ಉಳಿದ ಭಾಗ ನನಗೇ ನೀರಸವೆನಿಸಿತು. ಬೇಗ ಮುಗಿಸಿದೆ.

ಹರಪನಹಳ್ಳಿ ಕಡೆಯ ಅರಸೀಕೆರೆಯಲ್ಲಿ ನಮ್ಮ ಸಭೆಗೆ ಸೇರಿದ ಒಂದು ಮನೆಯಿತ್ತು. ಅಲ್ಲಿನ ಅಜ್ಜಿ ಹಾಸಿಗೆ ಹಿಡಿದಿದ್ದಳು. ವರ್ಷಕ್ಕೆ ಮೂರು ನಾಲ್ಕು ಸಲ ಕಂಪೌಂಡರ್ ರಜೆ ಹಾಕಿ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದರೆ ನಿಲ್ಲಿಸಿ ಎತ್ತಿನ ಬಾಯಿ ನೋಡಿಯೇ ಮುಂದೆ ಹೋಗುವುದು. ದನದ ಹತ್ತಿರ ಹೋಗುವುದು ಹೇಗೆಂದು ಅವರು ನನಗೆ ಹೇಳಿಕೊಟ್ಟಿದ್ದು ಅಂಥ ಒಂದು ದಿನವೇ. "ಎದುರು ನಿಂತ್ರ ಹಾಯ್ತತಿ. ಹಿಂದ ನಿಂತ್ರ ಒದಿತತಿ. ಬಾಜೂಕ ನಿಂದ್ರಬೇಕ್ರಿ, ಮೈಮ್ಯಾಲೆ ಕೈ ಇಟ್ಕೊಂಡು. ಮನುಷ್ಯಾ ಬಂದಾನ ಅಂತ ಅದಕ್ಕ ತಿಳಿಯಾತನ ಸುಮ್ನ ನಿಂದ್ರಬೇಕು."

ಒಮ್ಮೆ ನಾನು ಅಜ್ಜಿಯ ತಲೆಯ ಹತ್ತಿರ ಕೂತು ಬೈಬಲಿನ ಕೀರ್ತನೆಯೊಂದನ್ನು ಓದುತ್ತಿದ್ದಾಗ ಇವರು ಕಾಲ ಹತ್ತಿರ ಕೂತು ಹೊದಿಕೆ ಸರಿಸಿ ನೋಡಿದರು. ಅಜ್ಜಿಯ ಕಾಲುಗುರುಗಳು ಬೆಳೆದು ಮುರಿದು ಮಾಂಸಕ್ಕೆ ಇಳಿದಿದ್ದವು. ಬಿಸಿನೀರು ತರಿಸಿ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಚೀಲದಿಂದ ಕತ್ತರಿ ತೆಗೆದರು. ಅಜ್ಜಿ ನಾಚಿಕೊಂಡು ಕಾಲೆಳೆದುಕೊಂಡಳು. "ನೀ ಗಂಡಸು, ಬ್ಯಾಡೋ ನಮ್ಮಪ್ಪ," ಎಂದಳು. "ಸುಮ್ನಿರಬೇ ಯವ್ವಾ. ದಿನಾ ಗೊರಸು ಕೆತ್ತೋ ಕೈ ಇದು. ನಿಂದೇನು ದೊಡ್ಡದಲ್ಲ," ಎಂದರು. ಅಜ್ಜಿ ನಕ್ಕಳು. ಹತ್ತು ಬೆರಳು ಮುಗಿಯುವ ತನಕ ನಾನು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಕಾದೆ. ವಾಪಸ್ಸು ಬರುವಾಗ ಅವರು ಅದರ ಬಗ್ಗೆ ಮಾತಾಡಲಿಲ್ಲ. ಅರಸೀಕೆರೆಯ ಸಂತೆಯಲ್ಲಿ ಮೆಣಸಿನಕಾಯಿ ಚೆನ್ನಾಗಿದೆ, ತಗೊಳ್ರಿ ಎಂದರು.

ಈಗ ಸುನೀತಾಳ ವಿಷಯ ಹೇಳಬೇಕು. ಇದನ್ನು ಹೇಳದೆ ಅವರ ಬಗ್ಗೆ ಬರೆದರೆ ನನ್ನ ತಪ್ಪನ್ನು ಮುಚ್ಚಿಟ್ಟ ಹಾಗಾಗುತ್ತದೆ.

ಸುನೀತಾ ನಮ್ಮ ಸಭೆಯಲ್ಲೇ ಬೆಳೆದ ಹುಡುಗಿ. ಭಾನುವಾರ ಶಾಲೆಯಲ್ಲಿ ವಾಕ್ಯಗಳನ್ನು ಎಲ್ಲರಿಗಿಂತ ಮೊದಲು ಬಾಯಿಪಾಠ ಒಪ್ಪಿಸುತ್ತಿದ್ದವಳು. ಓದಿಗೆಂದು ಕೊಟ್ಟೂರಿಗೆ ಹೋಗಿ ಬರುತ್ತಿದ್ದಾಗ ಅಲ್ಲಿಯ ಕೊಟ್ರೇಶ ಎಂಬ ಹುಡುಗನನ್ನು ಮೆಚ್ಚಿದಳು. ಅವನದು ಮಂಡಕ್ಕಿ ವ್ಯಾಪಾರದ ಶೈವ ಮನೆತನ. ಅವರ ಪದ್ಧತಿಯಂತೆಯೇ ಮದುವೆಯಾಯಿತು. ನಮ್ಮ ಸಭೆಯಿಂದ ಯಾರೂ ಹೋಗಲಿಲ್ಲ, ಹೆತ್ತ ತಾಯಿ ಕೂಡ. ಅದಾದ ಮೇಲೆ ಹಿರಿಯರ ಕಮಿಟಿ ಕೂತು ಒಂದು ನಿಯಮ ಮಾಡಿತು. ಸಭೆಯ ಹೊರಗೆ ಮದುವೆಯಾದವರು ಆರಾಧನೆಗೆ ಬರಬಹುದು. ಆದರೆ ಎಲ್ಲರ ಎದುರು ನಿಂತು ತಪ್ಪೊಪ್ಪಿಕೊಂಡು ಕ್ಷಮೆ ಕೇಳುವವರೆಗೆ ಅವರಿಗೆ ಕರ್ತನ ಭೋಜನವಿಲ್ಲ. ಕರ್ತನ ಭೋಜನವೆಂದರೆ ತಿಂಗಳ ಮೊದಲ ಭಾನುವಾರ ನಾವೆಲ್ಲ ಮುಂದೆ ಹೋಗಿ ತೆಗೆದುಕೊಳ್ಳುವ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ. ಯೇಸು ಶಿಷ್ಯರ ಜೊತೆ ಉಂಡ ಕಡೆಯ ಊಟದ ನೆನಪು. ಚೂರು ಚಿಕ್ಕದು. ಅದು ತಪ್ಪಿದವರಿಗೆ ಮಾತ್ರ ಅದರ ಅಳತೆ ಗೊತ್ತು.

ಎರಡು ವರ್ಷದ ಮೇಲೆ ಒಂದು ಭಾನುವಾರ ಕೊಟ್ರೇಶನ ಬೈಕು ಚರ್ಚಿನ ಮುಂದೆ ನಿಂತಿತು. ಸುನೀತಾ ಇಳಿದು ಒಳಗೆ ಬಂದು ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ಕೂತಳು. ಅವನು ಎದುರಿನ ಚಹಾ ಅಂಗಡಿಯಲ್ಲಿ ಕಾದ. ಎರಡನೆಯ ಬೆಂಚಿನಲ್ಲಿದ್ದ ತಾಯಿ ಹಿಂದೆ ತಿರುಗಿ ನೋಡಲಿಲ್ಲ. ಆರಾಧನೆಯ ನಂತರ ನಾನು ಸುನೀತಾಳಿಗೆ ನಿಯಮ ತಿಳಿಸಿದೆ. ಅವಳು ಸಿಟ್ಟಾಗಲಿಲ್ಲ. "ಅಯ್ನೋರ, ಸುಳ್ಳು ಹೇಳಿದ್ರ, ಕದ್ದಿದ್ರ ಕ್ಷಮಾ ಕೇಳ್ತಿದ್ದೆ. ಅವರನ್ನ ಲಗ್ನ ಆಗಿದ್ದು ತಪ್ಪು ಅಂತ ಎಲ್ಲಾರ ಮುಂದ ಹೇಳಿ, ತಿರುಗಿ ಅವರ ಗಾಡಿ ಹತ್ತಿ ಹೆಂಗ ಮನಿಗೆ ಹೋಗ್ಲಿ?" ಎಂದಳು. ಇದಕ್ಕೆಲ್ಲ ಕಮಿಟಿ ಇದೆಯಲ್ಲ ಎಂದುಕೊಂಡೆ.

ಮುಂದಿನ ತಿಂಗಳ ಮೊದಲ ಭಾನುವಾರ ಅವಳು ಬಂದಳು. ನಾನು ಸಭೆಯನ್ನು ಕರ್ತನ ಭೋಜನದ ಮೇಜಿಗೆ ಕರೆದೆ. ಪದ್ಧತಿಯಂತೆ ಹಿರಿಯರು ಮೊದಲು ಎದ್ದರು. ಕಂಪೌಂಡರ್ ಕೂಡ ಎದ್ದರು. ಆದರೆ ಅವರು ಮುಂದೆ ಬರಲಿಲ್ಲ. ನಡುವಿನ ಓಣಿಯಲ್ಲಿ ಹಿಂದಕ್ಕೆ ನಡೆದು ಹೋಗಿ, ಗಂಡಸರ ಕಡೆಯ ಕೊನೆಯ ಬೆಂಚಿನಲ್ಲಿ, ಸುನೀತಾಳ ನೇರಕ್ಕೆ ಕೂತರು. ಇಬ್ಬರ ನಡುವೆ ಓಡಾಡುವ ಜಾಗವಷ್ಟೇ. ಅವರು ಅವಳ ಕಡೆ ನೋಡಲಿಲ್ಲ, ಮಾತಾಡಲಿಲ್ಲ. ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತರು, ರೊಟ್ಟಿಗೆ ಏಳಲಿಲ್ಲ. ನಾನು ಹೇಳುತ್ತಿದ್ದ ಮಾತು ಒಂದು ಕ್ಷಣ ತಪ್ಪಿತು.

ಎಲ್ಲರೂ ಹೋದ ಮೇಲೆ ಕಿಟಕಿ ಹಾಕುತ್ತಿದ್ದ ಅವರ ಹತ್ತಿರ ಹೋಗಿ, ಯಾಕೆ ಹೀಗೆ ಮಾಡಿದಿರೆಂದು ಕೇಳಿದೆ.

"ಏನಿಲ್ರಿ. ಆಕಿ ಒಬ್ಬಾಕೇ ಕುಂತಿದ್ಲು."

"ನಿಯಮ ಮಾಡಿದ್ದು ಕಮಿಟಿ. ಕಮಿಟಿಯಲ್ಲಿ ನೀವೂ ಇದ್ದಿರಿ."

"ಹೌದ್ರಿ. ನಾನೂ ಕೈ ಎತ್ತೀನಿ," ಎಂದರು. "ಅವತ್ತು ಆಕಿ ನಮ್ಮ ಕಣ್ಣ ಮುಂದ ಇದ್ದಿಲ್ಲ. ಕೈ ಎತ್ತೋದು ಹಗುರಾತು. ಇವತ್ತು ಕುಂತಿದ್ದು ನೋಡಿದೆ. ನೀವು ಕೊಡ್ರಿ ಅಂತ ನಾ ಅನ್ನಂಗಿಲ್ಲ, ಬಿಡ್ರಿ ಅಂತಾನೂ ಅನ್ನಂಗಿಲ್ಲ. ನಾ ಅಲ್ಲಿ ಕುಂದ್ರತೀನಿ, ಅಷ್ಟ."

ಮರು ತಿಂಗಳೂ ಹಾಗೆಯೇ. ಮೂರನೆಯ ತಿಂಗಳೂ ಹಾಗೆಯೇ. ಆರಾಧನೆ ಮುಗಿದರೆ ನೇರ ಚಹಾ ಅಂಗಡಿಗೆ ಹೋಗಿ ಕೊಟ್ರೇಶನ ಜೊತೆ ಚಹಾ ಕುಡಿಯುವರು. ಅವನ ತಾಯಿ ಸಾಕಿದ ಆಕಳು, ಅದರ ಕೆಚ್ಚಲಿನ ಬಾವು, ಹಾಕಬೇಕಾದ ಮೇವು, ಇವೇ ಮಾತು. ಧರ್ಮದ ವಿಷಯ ಅವರಿಬ್ಬರ ನಡುವೆ ಬಂದದ್ದನ್ನು ಯಾರೂ ಕೇಳಿಲ್ಲ. ನಾಲ್ಕನೆಯ ತಿಂಗಳಿಗೆ ಕಂಪೌಂಡರ್ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುತ್ತಿದ್ದವರು, ತಮ್ಮ ಬೆಂಚು ಬಿಟ್ಟು ಹೋಗಿ ಸುನೀತಾಳ ಪಕ್ಕದಲ್ಲೇ ಕೂತರು.

ಡ್ರಿಲ್ ಮಾಸ್ತರರಿಗೆ ಇದು ತಡೆಯದಾಯಿತು. ಮಕ್ಕಳಿಗೆ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿ ಕಲಿಸಿ ನಿವೃತ್ತರಾದವರು ಅವರು. ಸಾಲು ಬಿಟ್ಟವರನ್ನು ಕಂಡರೆ ಆಗುತ್ತಿರಲಿಲ್ಲ. ನಿಯಮವನ್ನು ಮೊದಲು ಸೂಚಿಸಿದವರೂ ಅವರೇ. ಒಂದು ಬುಧವಾರ ಎಲ್ಲರ ಮುಂದೆ, "ಇದೇನು ಸತ್ಯಾಗ್ರಹ ಹೂಡೀರೇನ್ರಿ ಕಂಪೌಂಡ್ರ?" ಎಂದು ಕೇಳಿದರು.

"ಅಲ್ರಿ ಮಾಸ್ತರ. ಸತ್ಯಾಗ್ರಹ ಮಾಡೋರು ಏನಾರ ಕೇಳ್ತಾರ. ನಾ ಏನು ಕೇಳೀನಿ?"

ಮಾಸ್ತರರು ನನ್ನ ಮುಖ ನೋಡಿದರು. ನಾನು ಹಾಡಿನ ಪುಸ್ತಕದಲ್ಲಿ ಪುಟ ಹುಡುಕಿದೆ. ಆ ವರ್ಷದ ಆಯ್ಕೆಯಲ್ಲಿ ಕಂಪೌಂಡರ್ ಹೆಸರನ್ನು ಹಿರಿಯರ ಪಟ್ಟಿಯಿಂದ ಕೈಬಿಟ್ಟರು. ನಾನು ತಡೆಯಲಿಲ್ಲ. ಅವರು ಮರು ಭಾನುವಾರ ಎಂದಿನಂತೆ ಬಂದು, ಎಂದಿನಂತೆ ಕಿಟಕಿ ತೆರೆದು, ಬೆಂಚುಗಳ ಧೂಳು ಒರೆಸಿ, ಈ ಸಲ ಮೊದಲಿನಿಂದಲೇ ಕೊನೆಯ ಬೆಂಚಿಗೆ ಹೋಗಿ ಕೂತರು. "ಇಲ್ಲಿ ಗಾಳಿ ಚಲೋ ಬರ್ತೈತ್ರಿ," ಎಂದರು.

ಹೀಗೆ ಒಂದು ವರ್ಷದ ಮೇಲಾಯಿತು. ಅಷ್ಟು ತಿಂಗಳೂ ನಾನು ಮೇಜಿನ ಹಿಂದೆ ನಿಂತು, "ದಣಿದವರೇ, ಹೊರೆ ಹೊತ್ತವರೇ, ಎಲ್ಲರೂ ಬನ್ನಿರಿ," ಎಂಬ ಮಾತನ್ನು ಓದಿದ್ದೇನೆ. ಓದುವಾಗ ಕಣ್ಣು ಪುಸ್ತಕದ ಮೇಲಿಂದ ಏಳುತ್ತಿರಲಿಲ್ಲ.

ಬೇಸಿಗೆಯ ಒಂದು ಶನಿವಾರ ಬೆಳಗಾಗುವ ಹೊತ್ತಿಗೆ ಡ್ರಿಲ್ ಮಾಸ್ತರರ ಎಮ್ಮೆ ಈಯಲಾರದೆ ಒದ್ದಾಡತೊಡಗಿತು. ಕರುವಿನ ಮುಂಗಾಲು ಕಾಣುತ್ತಿತ್ತು, ತಲೆ ಒಳಗೆ ಹಿಂದಕ್ಕೆ ತಿರುಗಿತ್ತು. ಡಾಕ್ಟರು ಊರಲ್ಲಿರಲಿಲ್ಲ. ಮಾಸ್ತರರು ಕಂಪೌಂಡರಿಗೆ ಹೇಳಿ ಕಳಿಸಲಿಲ್ಲ. ಹೇಳಿ ಕಳಿಸಿದ್ದು ಮಾಸ್ತರರ ಹೆಂಡತಿ. ಕಂಪೌಂಡರ್ ಅಂಗಿ ಕಳಚಿ, ಸಗಣಿ ನೀರಿನ ನೆಲದ ಮೇಲೆ ಮಗ್ಗುಲಾಗಿ ಮಲಗಿ, ಎಮ್ಮೆ ತಿಣುಕಿದಾಗ ತಡೆದು, ಬಿಟ್ಟಾಗ ಕರುವನ್ನು ಒಳಕ್ಕೆ ತಳ್ಳಿ, ತಲೆಯನ್ನು ನೆಟ್ಟಗೆ ಮಾಡಿದರು. ಕರು ಹೊರಗೆ ಬರಲು ಎರಡು ತಾಸು ಹಿಡಿಯಿತು. ಹೆಣ್ಣು ಕರು. ಮೂಗಿನ ಲೋಳೆ ತೆಗೆದು, ಹುಲ್ಲಿನಿಂದ ಉಜ್ಜಿ ಉಜ್ಜಿ ಉಸಿರಾಡಿಸಿದರು. ಎಮ್ಮೆಯೂ ಉಳಿಯಿತು.

ಇದನ್ನೆಲ್ಲ ನನಗೆ ಹೇಳಿದವರು ಮಾಸ್ತರರೇ. ಮುಂದಿನ ಕಮಿಟಿ ಸಭೆಯಲ್ಲಿ, ಯಾರೂ ಕೇಳದೆಯೇ, ಕೂತಲ್ಲಿಂದ ಎದ್ದು ನಿಂತು ಹೇಳಿದರು.

"ಅವ ಕೈ ತೊಳಕಂಡು ಕಟ್ಟಿ ಮ್ಯಾಲೆ ಕುಂತ. ಚಾ ಕೊಟ್ವಿ. ಈಗ ಆ ಹುಡುಗಿ ಮಾತು ತೆಗಿತಾನ ಅಂತ ನಾನು ಕಾದೆ. ತೆಗದ್ರ ಏನು ಹೇಳಬೇಕು ಅಂತ ಎರಡು ಮಾತು ತಯಾರ ಇಟ್ಕಂಡಿದ್ದೆ. ಎಮ್ಮಿಗೆ ಬೆಲ್ಲದ ನೀರು ಕುಡಸ್ರಿ ಅಂದ, ಹೋದ. ಅಷ್ಟ." ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಎರಡು ಮಾತು ಇನ್ನಾ ನನ್ನ ಬಾಯಾಗ ಅದಾವ್ರಿ. ನುಂಗಾಕ ಆಗವಲ್ದು. ಆ ಹುಡುಗಿಗೆ ಕೊಟ್ಟುಬಿಡ್ರಿ ಅಯ್ನೋರ. ಕ್ಷಮಾ ಕೇಳಸೋದು ಬ್ಯಾಡ. ನಿಯಮ ಬರಿಸಿದಾವ ನಾನು, ಹೊಡದು ಹಾಕ್ರಿ ಅನ್ನಾವನೂ ನಾನ."

ಯಾರೂ ಎದುರಾಡಲಿಲ್ಲ. ಬಹುಶಃ ಎಲ್ಲರೂ ಯಾರಾದರೊಬ್ಬರು ಹೇಳಲಿ ಎಂದು ಕಾಯುತ್ತಿದ್ದರು. ಆ ಒಬ್ಬರು ನಾನಾಗಿರಬೇಕಿತ್ತು. ಆಗಲಿಲ್ಲ. ಡ್ರಿಲ್ ಮಾಸ್ತರರ ಮೇಲೆ ನನಗಿದ್ದ ಅಸಮಾಧಾನವೆಲ್ಲ ಅವತ್ತಿಗೆ ಮುಗಿಯಿತು.

ಮರುದಿನವೇ ಸುನೀತಾಳಿಗೆ ಸುದ್ದಿ ಕಳಿಸಿದೆ. ಆದರೂ ಮೊದಲ ಭಾನುವಾರ ನಾನು ಸಭೆಯನ್ನು ಮೇಜಿಗೆ ಕರೆದಾಗ ಅವಳು ಏಳಲಿಲ್ಲ. ನಂಬಿಕೆ ಬಂದಿರಲಿಲ್ಲವೋ ಏನೋ. ಅವಳು ಏಳದ್ದರಿಂದ ಕಂಪೌಂಡರೂ ಏಳಲಿಲ್ಲ, ಅವರ ಹೆಂಡತಿಯೂ ಏಳಲಿಲ್ಲ. ಹಿರಿಯರು ಬಂದು ಮೇಜಿನ ಮುಂದೆ ನಿಂತಿದ್ದರು. ನಾನು ಅವರಿಗೆ ಕಾಯಲು ಹೇಳಿ, ರೊಟ್ಟಿಯ ತಟ್ಟೆ ಹಿಡಿದುಕೊಂಡು ನಡುವಿನ ಓಣಿಯಲ್ಲಿ ಹಿಂದಕ್ಕೆ ನಡೆದೆ. ಅಷ್ಟು ವರ್ಷ ಆ ಚರ್ಚಿನಲ್ಲಿದ್ದವನು ತಟ್ಟೆ ಹಿಡಿದು ಆ ದಾರಿಯಲ್ಲಿ ನಡೆದದ್ದು ಅದೇ ಮೊದಲು. ಸುನೀತಾ ಎರಡೂ ಅಂಗೈ ಜೋಡಿಸಿ ಒಡ್ಡಿದಳು. ಆಮೇಲೆ ಅವಳ ಪಕ್ಕದಲ್ಲಿದ್ದ ಅಮ್ಮನವರು. ಆಮೇಲೆ ಈ ಕಡೆ ತಿರುಗಿ ಕಂಪೌಂಡರ್ ಅಂಗೈಯಲ್ಲಿ ಇಟ್ಟೆ. ಹಗ್ಗ ಎಳೆದು ಎಳೆದು ಗೆರೆಗಳೇ ಅಳಿಸಿಹೋದ ಅಂಗೈ. ಅವರು ಒಂದು ವರ್ಷ ಹಸಿದವರಂತೆ ಗಬಕ್ಕನೆ ಬಾಯಿಗೆ ಹಾಕಿಕೊಂಡರು. ಮುಂದೆ, ಎರಡನೆಯ ಬೆಂಚಿನಲ್ಲಿ, ಸುನೀತಾಳ ತಾಯಿ ಹಿಂದಕ್ಕೆ ತಿರುಗಿ ಕೂತಿದ್ದರು. ಮುಖಕ್ಕೆ ಸೆರಗು ಒತ್ತಿಕೊಂಡಿದ್ದರು, ಕಣ್ಣು ಮಾತ್ರ ಮಗಳ ಮೇಲಿತ್ತು.

ಸುನೀತಾ ಅಳುತ್ತ ಹೊರಗೆ ಬಂದದ್ದನ್ನು ನೋಡಿ ಕೊಟ್ರೇಶ ಲೋಟ ಬಿಟ್ಟು ಓಡಿ ಬಂದ. "ಯಾರು ಏನಂದ್ರು?" ಎಂದ. ಕಂಪೌಂಡರ್ ಅವನ ಹೆಗಲ ಮೇಲೆ ಕೈ ಹಾಕಿ, "ಯಾರೂ ಏನೂ ಅಂದಿಲ್ಲಪಾ. ಇವತ್ತು ಆಕಿ ಉಂಡಾಳ. ನಡಿ, ಚಾ ಹೇಳು," ಎಂದರು. ಅವನಿಗೆ ಪೂರ್ತಿ ಅರ್ಥವಾಗದಿದ್ದರೂ ನಾಲ್ಕು ಚಹಾ ಹೇಳಿದ. ಅಂದು ಸಂಜೆ ಗಂಡ ಹೆಂಡತಿ ಇಬ್ಬರೂ ಸುನೀತಾಳ ತಾಯಿಯ ಮನೆಗೆ ಹೋಗಿ ಊಟ ಮಾಡಿಕೊಂಡೇ ಕೊಟ್ಟೂರಿಗೆ ಮರಳಿದರೆಂದು ಆಮೇಲೆ ತಿಳಿಯಿತು.

ಮುಂದಿನ ವರ್ಷ ಅವರನ್ನು ಹಿರಿಯರ ಪಟ್ಟಿಗೆ ಮತ್ತೆ ಸೇರಿಸಬೇಕೆಂದು ಮಾಸ್ತರರೇ ಸೂಚಿಸಿದರು. ಕಂಪೌಂಡರ್ ಒಪ್ಪಲಿಲ್ಲ. ನಾನು ವರ್ಗವಾಗಿ, ಮುಂದೆ ನಿವೃತ್ತನಾಗಿ ಹರಪನಹಳ್ಳಿಯಲ್ಲಿ ನೆಲೆಸಿದೆ. ಅವರ ಸುದ್ದಿ ಆಗಾಗ ಬರುತ್ತಿತ್ತು. ಇಷ್ಟು ವರ್ಷವೂ ನನ್ನ ಮನಸ್ಸಿನಲ್ಲಿ ಅವರದೊಂದು ಚಿತ್ರವಿತ್ತು: ಯಾವುದು ಸರಿ ಎಂದು ಬಂಡೆಯಂತೆ ಗೊತ್ತಿದ್ದ ಮನುಷ್ಯ. ನನಗೆ ಆ ಖಾತ್ರಿ ಇರಲಿಲ್ಲ, ಅದಕ್ಕೇ ಧೈರ್ಯವೂ ಬರಲಿಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೆ.

ಸುದ್ದಿ ತಿಳಿದ ಮೂರನೆಯ ದಿನ ಕೂಡ್ಲಿಗಿಗೆ ಹೋದೆ. ಅಮ್ಮನವರು ಅಡಿಗೆ ಮನೆಯಿಂದ ಬಂದು ಚಾಪೆ ಹಾಸಿದರು. ಅತ್ತು ಮುಗಿದಿದ್ದ ಮುಖ, ಶಾಂತವಾಗಿತ್ತು. ಕಂಪೌಂಡರ್ ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ, ಮಧ್ಯಾಹ್ನ ಮಲಗಿದವರು ಏಳಲಿಲ್ಲ ಎಂದರು. ಮಾತಿನ ನಡುವೆ ನಾನು ಆ ಕೊನೆಯ ಬೆಂಚಿನ ವರ್ಷವನ್ನು ನೆನೆದೆ. ಅಂಥ ಖಾತ್ರಿ ಎಲ್ಲರಿಗೂ ಬರುವುದಿಲ್ಲ ಎಂದೆ.

"ಖಾತ್ರಿ ಎಲ್ಲಿದ್ರಿ ಅವರಿಗೆ," ಎಂದರು ಅಮ್ಮನವರು. "ಆ ವರ್ಷ ಪ್ರತಿ ಮೊದಲ ಐತಾರ ಮನಿಗೆ ಬಂದು ಅಂಗಿ ತಗಿತಿದ್ದಿಲ್ಲ, ಹಂಗ ಕುಂದ್ರತಿದ್ರು. 'ನಾ ತಪ್ಪು ಮಾಡಾಕತ್ತೀನೇನ? ದೇವರು ಕರದು ಕೊಟ್ಟಿದ್ದು ಬ್ಯಾಡ ಅನ್ನಾಕತ್ತೀನೇನ?' ಅಂತ ಕೇಳ್ತಿದ್ರು. ಪ್ರತಿ ತಿಂಗಳೂ ಅದೇ ಮಾತು."

"ನೀವೇನು ಹೇಳುತ್ತಿದ್ದಿರಿ?"

"ನಾ ಓದಿದಾಕಿ ಅಲ್ಲ ಅಯ್ನೋರ, ನನಗೇನು ತಿಳಿತೈತಿ," ಎಂದು ಅವರು ಮೊಣಕಾಲ ಮೇಲೆ ಕೈಯೂರಿ ಎದ್ದರು. "ರೊಟ್ಟಿ ಆರತಾವು, ಉಣ್ಣ ಬರ್ರಿ ಅಂತಿದ್ದೆ. ಎದ್ದು ಬರ್ತಿದ್ರು." ಒಳಗೆ ಹೋಗಿ ಎರಡು ತಟ್ಟೆ ಹಾಕಿದ ಸದ್ದು ಕೇಳಿತು. "ನೀವೂ ಏಳ್ರಿ. ಬಸ್ಸಿನಾಗ ಹಸಗೊಂಡು ಬಂದಿರ್ತೀರಿ."

ನಾನು ಎದ್ದು ಕೈ ತೊಳೆದುಕೊಂಡೆ.